ಏಳು ದಿನದ ಚೀಟಿ

ಫಾರ್ಮಿನ್ಯಾಗ ಕೇಳಿದ್ರು, ಪೇಶಂಟಿನ ಭಾಷಾ ಯಾವುದು?
ನಲವತ್ತ ವರ್ಸ ಸೊಲ್ಲಾಪುರದ ಮಗ್ಗದ ಮುಂದ ನಿಂತು
ಮರಾಠ್ಯಾಗ ಬೈದಾಂವ, ಮರಾಠ್ಯಾಗ ಉದ್ರಿ ತಂದಾಂವ,
ತೆಲುಗು ಪದ್ಮಸಾಲೇರ ಜೋಡಿ ತೆಲುಗಿನ್ಯಾಗ ನಕ್ಕಾಂವ ನಮ್ಮ ರೇವಪ್ಪಣ್ಣ.
ಒಂದೊಂದಽ ಉದುರಿದ್ವು.
ಮೊದಲ ತೆಲುಗು, ಹ್ವಾದ ವರ್ಸ ಮರಾಠಿ.
ಉಳದದ್ದು ಅವ್ವನ ಕನ್ನಡ,
ಅದೂ ಒಂದ ಮುಷ್ಟಿ.

ನರ್ಸ್ ಛಾಯಾಗ ಕನ್ನಡ ಬರೂದಿಲ್ಲ.
ಅಲ್ಲೇ ಬಾಕಿನ ಮ್ಯಾಲ ಕೂತು
ಲೈಟ್ ಬಿಲ್ಲಿನ ಬೆನ್ನಿಗೆ ಬಾಳಬೋಧ ಅಕ್ಷರದಾಗ ಬರದೆ:

ನುಂಗು. ಗಂಜಿ ಗಲ್ಲದಾಗ ಇಟಗೊಂಡು ಮರೀತಾನ,
ಎರಡ ಸಲ ಅನ್ರಿ, ಗಂಟಲ ಸವರ್ರಿ.
ಹೊಳ್ಳು. ಎರಡ ತಾಸಿಗೊಮ್ಮೆ. ಎಡಗಡೆ ಟೊಂಕದ ಹುಣ್ಣು ಈಗ ಮಾಯಾಕತ್ತೈತಿ.
ಭೋಂಗಾ. ಇದು ನಿಮ್ಮ ಮಾತಽ.
ಗಿರಣಿ ಮುಚ್ಚಿ ಎಷ್ಟ ವರ್ಸಾತೋ, ಅವಗ ನಸುಕಿನ್ಯಾಗ ಕೇಳತೈತಿ.
ಹೌದು, ಹೊಡೀತು ಅನ್ರಿ. ಇಲ್ಲ ಅನಬ್ಯಾಡ್ರಿ.
ತಂಗಿ.
ಇದನ್ನ ಬರದು, ಕಾಟ ಹೊಡದೆ.

ಮನ್ಯಾಗ ರಬ್ಬರ ಶೀಟು ಹಗ್ಗದ ಮ್ಯಾಲ ಒಣಗಿ ಖಡಕ್ ಆಗಿತ್ತು.
ಕುಪ್ಪಸ ಹೊಲಿಸಾಕ ಬಂದ ಪಾರೂಬಾಯಿ ಕೇಳಿದಳು,
ಅಣ್ಣನ್ನ ಬಿಟ್ಟ ಬಂದೇನಽ?
ಬಿಟ್ಟಿಲ್ಲ, ಇಟ್ಟ ಬಂದೀನಿ.
ಒತ್ತಿ ಇಟ್ಟಂಗೇನು?
ಹೂಂ. ಬರೂ ಸೋಮವಾರ ಬಿಡಸ್ಕೊಂಡ ಬರತೀನಿ ಅಂದೆ,
ಸೂಜಿ ದಾರ ತಪ್ಪಿಸ್ತು.

ಮೊದಲನೇ ದಿನ ಮಲಗಿದೆ. ಎರಡನೇ ದಿನಾನೂ.
ರಾತ್ರಿ ಎರಡಕ್ಕ ಕೈ ತಾನಽ ಎದ್ದು
ಖಾಲಿ ಹಾಸಿಗಿ ಮ್ಯಾಲ ತಡಕ್ಯಾಡ್ತು.
ಕೌದಿ ಹೊಳ್ಳಿಸಿ ಮತ್ತ ಮಲಗಿದೆ.

ಮೂರನೇ ದಿನ ಹಲ್ಲ ಕೀಳಿಸಿದೆ.
ಎಂಟ ತಿಂಗಳ ಲವಂಗ ಕಚ್ಚಿ ದೂಡಿದ್ದೆ,
ಅರ್ಧ ತಾಸ ಅವನ್ನ ಯಾರ ಕೈಯಾಗ ಕೊಡ್ಲಿ?
ಅಳಿಯಾ ರಿಕ್ಷಾ ಬಿಟ್ಟ ಬಂದ್ರ ಸಂಜೀ ಅಕ್ಕಿ ಹೆಂಗ?
ಇಷ್ಟ ದಿನಾ ಹೆಂಗ ತಡದ್ರಿ ಅಂದ ಡಾಕ್ಟರ.
ಬಾಯಾಗ ಹತ್ತಿ ಇತ್ತು.

ಮುಂದ ಒಂದಿನ, ನಾಕನೇದೋ ಐದನೇದೋ,
ಒಂದಽ ದವಡಿಲೆ ಬಿಸಿ ರೊಟ್ಟಿ ಶೇಂಗಾ ಹಿಂಡಿ ಉಂಡೆ,
ತಾಟ ಬಿಟ್ಟು ಒಮ್ಮಿನೂ ಏಳಲಿಲ್ಲ.
ಉಂಡ ಮ್ಯಾಲ, ಕದ್ದು ತಿಂದವರಂಗ
ಲಗೂನ ತೊಳದಿಟ್ಟೆ.

ಫೋನ್ ಮಾಡಬ್ಯಾಡ್ರಿ, ಆರಾಮ ಮಾಡ್ರಿ ಅಂದಿದ್ರು.
ಮಾಡಿದೆ.
ಯಾರೋ ಎತ್ತಿದ್ರು, ಹಿಂದಿನಿಂದ ಛಾಯಾನ ದನಿ:
ನುಂಗೂ ಅಣ್ಣಾ, ನುಂಗೂ.
ಕೊನೀಗೆ ಎಳೀತಿದ್ದಳು, ಮರಾಠಿ ರಾಗ.
ನಮ್ಮವ್ವನ ಮಾತು ಇನ್ನೊಬ್ಬರ ಬಾಯಾಗ
ಹೊಸಾ ಸೀರಿ ಉಟ್ಟಂಗಿತ್ತು.
ಆಮ್ಯಾಲ ಶಾಬಾಸ್ ಅಂದ್ಳು.
ಅದನ್ನ ನಾ ಎಂದೂ ಅಂದಿದ್ದಿಲ್ಲ.

ಸೋಮವಾರ ಹ್ವಾದ್ರ, ಕಿಡಕಿ ಹತ್ರ ಕೂಡಿಸಿದ್ರು.
ಕೈಯಾಗ ಹಳೇ ಚಾದರಿನ ದಶಿ.
ಬೆರಳು ಎಳಿಗೆ ಎಳಿ ಕೂಡಿಸಿ
ಸಣ್ಣ ಸಣ್ಣ ಗಂಟ ಹಾಕತಿದ್ವು, ನೇಕಾರರ ಗಂಟು,
ಕಣ್ಣು ಮಾತ್ರ ಎಲ್ಲೋ.
ಮನ್ಯಾಗ ಇವಽ ಬೆರಳು ನನ್ನ ಸೆರಗ ಹಿಡದಾಗ
ಬಿಡಿಸಿ ಬಿಡಿಸಿ ಸರಿಸಿದಾಕಿ ನಾ.
ಹೊಟ್ಟಿಕಿಚ್ಚು ಅಂದ್ರ ಹೊಟ್ಟಿಕಿಚ್ಚು.

ಛಾಯಾ ಲೈಟ್ ಬಿಲ್ಲು ತಿರುಗಿ ಕೊಟ್ಟಳು.
ಕೆಳಗ ಒಂದ ಮಾತು ಹೆಚ್ಚಾಗಿತ್ತು: ಸಾಕು.
ನೀವು ಬರದಿದ್ದಿಲ್ಲ ಮಾವಶಿ,
ಅವರಽ ಕಲಿಸಿದ್ರು, ಚಮಚಾ ನಿಲ್ಲಿಸಿ ಕಾಯ್ದ್ರ ಅಂತಾರ.

ಮುಂದಿನ ಸರದಿ ಬರಿಸ್ರಿ, ಜನವರಿ ತಿಂಗಳಾಗ, ಅಂದೆ.
ರಿಜಿಸ್ಟರಿನ್ಯಾಗ ಅವನ ಹೆಸರ ಬರದ್ರು, ಕೆಳಗ ನಂದು.
ಅಳಿಯಾ ರಿಕ್ಷಾ ಮೆಲ್ಲಕ ಹೊಡದ, ತಗ್ಗ ತಪ್ಪಿಸಿ.
ಅಣ್ಣನ ತಲಿ ನನ್ನ ಹೆಗಲ ಮ್ಯಾಲ,
ಯಾರದೋ ಹೆಗಲು ಅವಗ.
ನಾಲಿಗಿ ಮಾತ್ರ ಸುಮ್ಮನಿರವಲ್ದು,
ಹೋಗಿ ಹೋಗಿ ಹಲ್ಲಿಲ್ಲದ ಜಾಗಾ ಮುಟ್ಟಿ ಬರತಿತ್ತು,
ಅಲ್ಲೆ ನೋವಿದ್ದಿಲ್ಲ.